ಅಕ್ಕನ ಡೈರಿ ಮತ್ತು ಕೆನಡಾದ ಕಡತ



ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನು. ಹಾಗಾಗಿ ಅಂಕಿ ಅಂಶಗಳ ಉಪನ್ಯಾಸ ಎಂದುಕೊಂಡು ನೀವು ಬಂದಿರಬಹುದು. ಅಂಕಿಗಳು ಬರುತ್ತವೆ. ಆದರೆ ಮೊದಲು ಒಂದು ಡೈರಿಯ ವಿಷಯ ಹೇಳಬೇಕು. ಅದು ನನ್ನ ಅಕ್ಕನದು.

2001ರ ಮಾರ್ಚಿನಲ್ಲಿ ಅಕ್ಕನ ಮಗಳು ಗಂಡನ ಜೊತೆ ಟೊರಾಂಟೊಗೆ ಹೋದಳು. ಅವಳು ಇಲ್ಲೇ ಧಾರವಾಡದಲ್ಲಿ ಓದಿದ ದಂತವೈದ್ಯೆ. ಅಳಿಯ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಕೆನಡಾ ಸರ್ಕಾರ ವಿದ್ಯೆ, ವಯಸ್ಸು, ಅನುಭವ, ಭಾಷೆ ಎಲ್ಲಕ್ಕೂ ಅಂಕ ಹಾಕಿ, ನೀವು ನಮಗೆ ಬೇಕಾದವರು ಎಂದು ಆರಿಸಿ ಕರೆಸಿಕೊಂಡ ಕುಟುಂಬ ಅದು. ಪ್ರತಿ ಭಾನುವಾರ ಬೆಳಿಗ್ಗೆ ಫೋನು ಬರುತ್ತಿತ್ತು. ಫೋನು ಇಟ್ಟ ಮೇಲೆ ಅಕ್ಕ ಡೈರಿಯಲ್ಲಿ ಒಂದೆರಡು ಸಾಲು ಬರೆಯುತ್ತಿದ್ದಳು.

ಏಪ್ರಿಲ್ 15ರ ಸಾಲು: “ಇನ್ನೂ ಚಳಿ ಅದ ಅಂತ. ಅಳಿಯಂದಿರು ದಿನಾ ಅರ್ಜಿ ಹಾಕ್ಲಿಕ್ಕೆ ಹತ್ಯಾರ.” ಜುಲೈ 8ರ ಸಾಲು: “ಅಳಿಯಂದಿರಿಗೆ ಗೋದಾಮಿನ್ಯಾಗ ರಾತ್ರಿ ಪಾಳಿ ಕೆಲಸ. ಯಾರ ಮುಂದೂ ಹೇಳಬ್ಯಾಡವ್ವಾ ಅಂದ್ಲು.”

ಅಕ್ಕ ಯಾರಿಗೂ ಹೇಳಲಿಲ್ಲ. ನನಗೂ ಹೇಳಲಿಲ್ಲ. ಆ ವರ್ಷ ಮದುವೆ ಮುಂಜಿವೆಗಳಲ್ಲಿ ಯಾರೇ ಕೇಳಿದರೂ “ಕೆನಡಾದಾಗ ಎಂಜಿನಿಯರ್ ಇದ್ದಾರ” ಎನ್ನುವುದೇ ನಮ್ಮ ಮನೆಯ ಉತ್ತರವಾಗಿತ್ತು. ಈ ಸಾಲುಗಳನ್ನು ಸಭೆಯಲ್ಲಿ ಓದಲೇ ಎಂದು ಮೊನ್ನೆ ಅಕ್ಕನ ಮಗಳನ್ನು ಕೇಳಿದೆ. “ಓದ್ರಿ ಮಾಮಾ, ಈಗೇನು ಮುಚ್ಚಿಡೂದು” ಎಂದಳು.

ಅಕ್ಕ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದ ಅದೇ ಕಾಲದಲ್ಲಿ ಕೆನಡಾದ ರಾಷ್ಟ್ರೀಯ ಅಂಕಿಅಂಶ ಸಂಸ್ಥೆ, ಅಂದರೆ ಸ್ಟ್ಯಾಟಿಸ್ಟಿಕ್ಸ್ ಕೆನಡಾ, ಅದೇ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿತ್ತು. 2000ದ ಅಕ್ಟೋಬರಿನಿಂದ 2001ರ ಸೆಪ್ಟೆಂಬರ್‌ವರೆಗೆ ಆ ದೇಶಕ್ಕೆ ಬಂದಿಳಿದವರಲ್ಲಿ ಸುಮಾರು 12,000 ಮಂದಿಯನ್ನು ಆರಿಸಿ ಮಾತಾಡಿಸಿತು. ಬಂದು 6 ತಿಂಗಳಾದ ಮೇಲೆ ಒಮ್ಮೆ, 2 ವರ್ಷವಾದ ಮೇಲೆ ಒಮ್ಮೆ, 4 ವರ್ಷವಾದ ಮೇಲೆ ಒಮ್ಮೆ, ಅದೇ ಜನರ ಬಳಿ ಮತ್ತೆ ಮತ್ತೆ ಹೋಯಿತು. ಕೆಲಸ ಸಿಕ್ಕಿತೇ, ಯಾವ ಕೆಲಸ, ಮನೆ ಹೇಗಿದೆ, ನೆರವಿಗೆ ಯಾರಿದ್ದಾರೆ, ಬಂದದ್ದಕ್ಕೆ ಸಮಾಧಾನವಿದೆಯೇ ಎಂದು 15 ಭಾಷೆಗಳಲ್ಲಿ ಕೇಳಿತು.

ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು. ಜನರನ್ನು ಆರಿಸಿ ಕರೆಸಿಕೊಳ್ಳುವ ದೇಶಕ್ಕೆ ಅವರ ಹಿಂದೆ ಹೋಗಿ “ಹೇಗಿದ್ದೀರಿ” ಎಂದು ಕೇಳುವ ಹೊಣೆ ಇದೆ. ಜನರನ್ನು ಕಳಿಸಿಕೊಡುವ ನಾಡಿಗೂ ಆ ಹೊಣೆ ಇದೆ. ಕೇಳಿದ ಮೇಲೆ ಉತ್ತರವನ್ನು ಏನು ಮಾಡುತ್ತೇವೆ ಎಂಬುದರಲ್ಲಿ ನಮ್ಮ ಪ್ರಾಮಾಣಿಕತೆ ಗೊತ್ತಾಗುತ್ತದೆ.

ಅಂಕ ಹಾಕಿ ಆರಿಸುವ ಈ ಪದ್ಧತಿ ಹುಟ್ಟಿದ್ದು ಹೇಗೆ ಎಂಬುದನ್ನು ಸ್ವಲ್ಪ ನೋಡೋಣ. 1914ರಲ್ಲಿ ಕೊಮಗಾಟಾ ಮಾರು ಎಂಬ ಹಡಗು 376 ಪ್ರಯಾಣಿಕರೊಡನೆ ವ್ಯಾಂಕೂವರ್ ತೀರಕ್ಕೆ ಬಂತು. ಹೆಚ್ಚಿನವರು ಪಂಜಾಬಿನವರು. ತಾಯ್ನಾಡಿನಿಂದ ಎಲ್ಲೂ ಇಳಿಯದೆ ಒಂದೇ ಪಯಣದಲ್ಲಿ ಬಂದವರಿಗೆ ಮಾತ್ರ ಪ್ರವೇಶ ಎಂಬ ನಿಯಮವನ್ನು ಕೆನಡಾ 1908ರಲ್ಲೇ ಮಾಡಿಟ್ಟಿತ್ತು. ಭಾರತದಿಂದ ಹಾಗೆ ಬರುವುದು ಆಗದ ಮಾತು ಎಂದು ಗೊತ್ತಿದ್ದೇ ಮಾಡಿದ ನಿಯಮ ಅದು. ಎರಡು ತಿಂಗಳು ದಡದಲ್ಲಿ ಕಾಯಿಸಿ ಹಡಗನ್ನು ವಾಪಸು ಕಳಿಸಿದರು. ಬಣ್ಣ ಮತ್ತು ಮೂಲ ನೋಡಿ ಬಾಗಿಲು ತೆರೆಯುವ ಈ ರೀತಿ 1962ರ ನಿಯಮಗಳಿಂದ ಬಹುಮಟ್ಟಿಗೆ ಹೋಯಿತು. 1967ರ ಅಕ್ಟೋಬರಿನಲ್ಲಿ ಅಂಕ ಪದ್ಧತಿ ಬಂತು. ಒಂಬತ್ತು ಅಂಶಗಳು, ಒಟ್ಟು 100 ಅಂಕ, ಪಾಸಾಗಲು 50. ವಿದ್ಯೆಗೆ 20ರವರೆಗೆ, ಅಧಿಕಾರಿಯ ಸಂದರ್ಶನಕ್ಕೆ 15ರವರೆಗೆ, ಉಳಿದದ್ದು ವಯಸ್ಸು, ಕಸುಬು, ಭಾಷೆ, ಅಲ್ಲಿರುವ ಬಂಧುಗಳು ಇತ್ಯಾದಿಗಳಿಗೆ.

ಇದರಲ್ಲಿ ನ್ಯಾಯವಿತ್ತು. ಹುಬ್ಬಳ್ಳಿಯ ಎಂಜಿನಿಯರನನ್ನೂ ಬ್ರಿಸ್ಟಲ್ಲಿನ ಎಂಜಿನಿಯರನನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಒಂದು ದೇಶ ಒಪ್ಪಿದ್ದು ಸಣ್ಣ ಸಂಗತಿಯಲ್ಲ. ಮುಂದೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರಿಟನ್, ಹಾಂಗ್‌ಕಾಂಗ್ ಎಲ್ಲವೂ ತಮ್ಮ ತಮ್ಮ ರೀತಿಯಲ್ಲಿ ಇದೇ ದಾರಿ ಹಿಡಿದವು. ಆದರೆ ಬರುವವನ ಚೀಲದಲ್ಲಿ ಏನಿದೆ ಎಂದಷ್ಟೇ ಈ ತಕ್ಕಡಿ ಹೇಳುತ್ತದೆ. ಆ ಸರಕನ್ನು ಅಲ್ಲಿನ ಪೇಟೆಯಲ್ಲಿ ಯಾರಾದರೂ ಕೊಳ್ಳುತ್ತಾರೆಯೇ ಎಂಬುದು ಅದಕ್ಕೆ ತಿಳಿಯದು. ಅದನ್ನು ತಿಳಿಯಬೇಕಾದರೆ ಬಂದವನ ಹಿಂದೆ ಹೋಗಬೇಕು.

ಕೆನಡಾ ಎರಡು ದಾರಿಗಳಲ್ಲಿ ಹಿಂದೆ ಹೋಯಿತು. ಮೊದಲನೆಯದು ತೆರಿಗೆಯ ಕಡತ. ವಲಸಿಗರು ಬಂದಿಳಿದ ದಿನ ಒಂದು ದಾಖಲೆ ಹುಟ್ಟುತ್ತದೆ. ವಯಸ್ಸು, ವಿದ್ಯೆ, ಹುಟ್ಟಿದ ದೇಶ, ಯಾವ ಯೋಜನೆಯಡಿ ಬಂದರು, ಯಾವ ಕಸುಬು ಮಾಡಬೇಕೆಂದಿದ್ದಾರೆ ಎಲ್ಲವೂ ಅದರಲ್ಲಿರುತ್ತದೆ. ಆಮೇಲೆ ಪ್ರತಿ ವರ್ಷ ಅವರು ತೆರಿಗೆ ವಿವರ ಸಲ್ಲಿಸುತ್ತಾರೆ. ಈ ಎರಡನ್ನೂ ಜೋಡಿಸಿ, ವ್ಯಕ್ತಿಯ ಗುರುತು ಹೊರಗೆ ಬಾರದಂತೆ ಕಾಯ್ದು, ಸ್ಟ್ಯಾಟಿಸ್ಟಿಕ್ಸ್ ಕೆನಡಾ ಒಂದು ದೀರ್ಘಾವಧಿ ದತ್ತಾಂಶ ಭಂಡಾರ ಕಟ್ಟಿದೆ. ಕಳೆದ ಹಲವು ದಶಕಗಳಲ್ಲಿ ಬಂದವರು ಅದರಲ್ಲಿ ಬರುತ್ತಾರೆ. ಬಂದ ಮೊದಲ ವರ್ಷ ಎಷ್ಟು ದುಡಿದರು, ಐದನೆಯ ವರ್ಷ ಎಷ್ಟು, ಹತ್ತನೆಯ ವರ್ಷ ಎಷ್ಟು, ಇಳಿದ ಪ್ರಾಂತದಲ್ಲೇ ಉಳಿದರೇ ಎಂಬುದನ್ನೆಲ್ಲ ಅದರಿಂದ ತಿಳಿಯಬಹುದು. ಪ್ರಾಂತಗಳು ತಾವೇ ವಲಸಿಗರನ್ನು ಸೂಚಿಸುವ ಪದ್ಧತಿ 1998ರ ಹೊತ್ತಿಗೆ ಮ್ಯಾನಿಟೋಬದಿಂದ ಶುರುವಾಯಿತು. ಅಟ್ಲಾಂಟಿಕ್ ತೀರದ ಸಣ್ಣ ಪ್ರಾಂತಗಳು ಕರೆಸಿಕೊಂಡವರಲ್ಲಿ ಎಷ್ಟೋ ಜನ ಕೆಲವೇ ವರ್ಷಗಳಲ್ಲಿ ಒಂಟಾರಿಯೊ ಕಡೆ ಹೊರಟುಬಿಡುತ್ತಾರೆ ಎಂಬುದು ಈ ಕಡತದಿಂದಲೇ ಸ್ಪಷ್ಟವಾಗಿ ಕಂಡದ್ದು.

ಕಡತಕ್ಕೆ ಒಂದು ದೊಡ್ಡ ಶಕ್ತಿ ಇದೆ. ಅದು ಮರೆಯುವುದಿಲ್ಲ, ಮುಜುಗರಪಡುವುದೂ ಇಲ್ಲ. ನಮ್ಮ ಮನೆಯವರು ಮದುವೆಮನೆಯಲ್ಲಿ ಮುಚ್ಚಿಟ್ಟಿದ್ದನ್ನು ತೆರಿಗೆ ಕಡತ ಮುಚ್ಚಿಡುತ್ತಿರಲಿಲ್ಲ. ಆದರೆ ಅದಕ್ಕೊಂದು ಕುರುಡೂ ಇದೆ. ಎಷ್ಟು ಗಳಿಸಿದಿರಿ ಎಂದು ಅದಕ್ಕೆ ಗೊತ್ತು, ಯಾವ ಕೆಲಸ ಮಾಡಿ ಗಳಿಸಿದಿರಿ ಎಂದು ಗೊತ್ತಿಲ್ಲ. ಬಾಡಿಗೆ ಕಾರು ಓಡಿಸುವ ವೈದ್ಯನೂ ಆಫೀಸಿನಲ್ಲಿ ಕೂತ ಗುಮಾಸ್ತನೂ ಅಷ್ಟೇ ಹಣ ಗಳಿಸಿದರೆ ಅದರ ಕಣ್ಣಿಗೆ ಇಬ್ಬರೂ ಒಂದೇ.

ಅದಕ್ಕೇ ಎರಡನೆಯ ದಾರಿ ಬೇಕಾಯಿತು. ಮನೆಗೆ ಹೋಗಿ ಕೇಳುವ ದಾರಿ. ಆಗಲೇ ಹೇಳಿದೆನಲ್ಲ, ಆ ಮೂರು ಸುತ್ತಿನ ಸಮೀಕ್ಷೆ. ಅದರ ಮೊದಲ ಸುತ್ತಿನ ಫಲಿತಾಂಶ 2003ರಲ್ಲಿ ಬಂದಾಗ ಕಂಡದ್ದಿಷ್ಟು: ಆರು ತಿಂಗಳಲ್ಲಿ ಕೆಲಸ ಸಿಕ್ಕವರಲ್ಲೂ 10ರಲ್ಲಿ ಸುಮಾರು 6 ಮಂದಿ ತಮ್ಮ ಊರಿನಲ್ಲಿ ಮಾಡುತ್ತಿದ್ದ ಕಸುಬನ್ನು ಬಿಟ್ಟು ಬೇರೆ ಕ್ಷೇತ್ರದಲ್ಲಿ ದುಡಿಯುತ್ತಿದ್ದರು. ನಮ್ಮ ಅಳಿಯನ ಗೋದಾಮು ನಮ್ಮೊಬ್ಬರ ಮನೆಯ ಗುಟ್ಟಾಗಿರಲಿಲ್ಲ. ಸಾವಿರಾರು ಮನೆಗಳು ಒಂದೇ ಗುಟ್ಟನ್ನು ಬೇರೆ ಬೇರೆಯಾಗಿ ಕಾಪಾಡಿಕೊಂಡಿದ್ದವು. ಪ್ರತಿಯೊಬ್ಬರೂ ತಪ್ಪು ತಮ್ಮದೇ ಎಂದುಕೊಂಡಿದ್ದರು. ಸಮೀಕ್ಷೆ ಎಂಬುದು ಮಾಡುವ ದೊಡ್ಡ ಉಪಕಾರ ಇದೇ ಎಂದು ನಾನು ನಂಬಿದ್ದೇನೆ. ಒಬ್ಬೊಬ್ಬರ ನಾಚಿಕೆಯನ್ನು ಅದು ಎಲ್ಲರ ಪ್ರಶ್ನೆಯಾಗಿ ಮಾಡುತ್ತದೆ.

ಏಕೆ ಹೀಗಾಯಿತು? ನಾಲ್ಕು ವರ್ಷಗಳಾದ ಮೇಲೂ ಜನ ಹೇಳಿದ ದೊಡ್ಡ ಅಡ್ಡಿಗಳಲ್ಲಿ ಮುಂದಿದ್ದದ್ದು, “ಕೆನಡಾದಲ್ಲಿ ಕೆಲಸ ಮಾಡಿದ ಅನುಭವ ಇಲ್ಲ” ಎಂಬ ಮಾತು. ಜೊತೆಗೆ ಹೊರದೇಶದ ಪದವಿಗೆ ಮಾನ್ಯತೆ ಸಿಗದಿರುವುದು ಮತ್ತು ಭಾಷೆ. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂದು ನಮ್ಮಲ್ಲಿ ಹೇಳುವ ಗಾದೆ ಇದೆಯಲ್ಲ, ಹಾಗೆ. ಹಿಂದಿನ ವರ್ಷಗಳ ದುಡಿಮೆಗೆ ಅಂಕ ಕೊಟ್ಟು ಕರೆಸಿಕೊಂಡದ್ದು ಸರ್ಕಾರ. ಆ ದುಡಿಮೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರು ಮಾಲೀಕರು. ಇಬ್ಬರ ನಡುವೆ ನಿಂತವನು ವಲಸಿಗ.

ಟೊರಾಂಟೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಫಿಲಿಪ್ ಒರಿಯೋಪೌಲಸ್ ಇದನ್ನು ಇನ್ನೊಂದು ಬಗೆಯಲ್ಲಿ ಪರೀಕ್ಷಿಸಿದರು. ಟೊರಾಂಟೊ ಪ್ರದೇಶದ ಕಂಪನಿಗಳಿಗೆ ಸಾವಿರಾರು ಅರ್ಜಿಗಳನ್ನು ಕಳಿಸಿದರು. ಅವುಗಳ ಒಂದು ಗುಂಪಿನಲ್ಲಿ ವಿದ್ಯೆ ಕೆನಡಾದ್ದು, ಅನುಭವವೂ ಕೆನಡಾದ್ದು, ಬದಲಾದದ್ದು ಹೆಸರು ಮಾತ್ರ. 2011ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಇಂಗ್ಲಿಷ್ ಹೆಸರಿನ ಅರ್ಜಿಗಳಿಗೆ ಚೀನೀ, ಭಾರತೀಯ, ಪಾಕಿಸ್ತಾನಿ ಹೆಸರಿನ ಅರ್ಜಿಗಳಿಗಿಂತ ಶೇಕಡಾ 40ರಷ್ಟು ಹೆಚ್ಚು ಸಂದರ್ಶನದ ಕರೆ ಬಂತು. ಹಾಗಾದರೆ ಕೊರತೆ ಬಂದವರಲ್ಲಿ ಮಾತ್ರ ಇರಲಿಲ್ಲ.

ಇಲ್ಲಿಗೆ ನಾವು ಮುಖ್ಯ ಪ್ರಶ್ನೆಗೆ ಬಂದೆವು. ಹಿಂದೆ ಹೋಗಿ ಕೇಳಿದ ಮೇಲೆ, ಕಷ್ಟವಿದೆ ಎಂದು ತಿಳಿದ ಮೇಲೆ ಸರ್ಕಾರದ ಮುಂದೆ ಎರಡು ದಾರಿಗಳಿರುತ್ತವೆ. ಬರುವವರನ್ನು ಬದಲಿಸುವುದು ಒಂದು. ಬರಮಾಡಿಕೊಳ್ಳುವ ರೀತಿಯನ್ನು ಬದಲಿಸುವುದು ಇನ್ನೊಂದು.

ಕೆನಡಾ ಎರಡನ್ನೂ ಮಾಡಿತು. ಒಂಟಾರಿಯೊ ಪ್ರಾಂತ 2006ರಲ್ಲಿ ಕಾಯಿದೆ ತಂದು, ವೈದ್ಯರು ಎಂಜಿನಿಯರುಗಳಂಥ ವೃತ್ತಿಗಳಿಗೆ ಪರವಾನಗಿ ಕೊಡುವ ಮಂಡಳಿಗಳು ಹೊರಗಿನವರನ್ನೂ ನ್ಯಾಯವಾಗಿ, ಪಾರದರ್ಶಕವಾಗಿ ನೋಡಬೇಕು ಎಂದಿತು. ಅದೇ ಪ್ರಾಂತದ ಮಾನವ ಹಕ್ಕುಗಳ ಆಯೋಗ, ಕೆನಡಾದ ಅನುಭವ ಇರಲೇಬೇಕೆಂದು ಕೇಳುವುದು ಮೇಲುನೋಟಕ್ಕೇ ತಾರತಮ್ಯ ಎಂದು 2013ರಲ್ಲಿ ಸಾರಿತು. ಇವು ಬರಮಾಡಿಕೊಳ್ಳುವ ರೀತಿಯನ್ನು ತಿದ್ದುವ ಕೆಲಸಗಳು. ಆದರೆ ದೊಡ್ಡ ಹೆಜ್ಜೆಗಳು ಬಿದ್ದದ್ದು ಇನ್ನೊಂದು ದಾರಿಯಲ್ಲಿ. ಮೊದಲೇ ಕೆನಡಾದಲ್ಲಿ ದುಡಿದಿದ್ದವರು ಮುಂದೆ ಚೆನ್ನಾಗಿ ಗಳಿಸುತ್ತಾರೆ ಎಂದು ತೆರಿಗೆ ಕಡತ ತೋರಿಸಿತ್ತು. ತಾತ್ಕಾಲಿಕ ಪರವಾನಗಿಯಲ್ಲಿ ಈಗಾಗಲೇ ಅಲ್ಲಿ ದುಡಿದವರಿಗೆಂದೇ 2008ರಲ್ಲಿ ಪ್ರತ್ಯೇಕ ವರ್ಗ ಬಂತು. 2015ರ ಜನವರಿಯಲ್ಲಿ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಹೊಸ ಆಯ್ಕೆ ಪದ್ಧತಿ ಬಂತು. ಅದರಲ್ಲಿ 1,200 ಅಂಕಗಳ ಲೆಕ್ಕ, ಪಾಸಿನ ಗೆರೆ ಸುತ್ತು ಸುತ್ತಿಗೂ ಬದಲು. ಅಲ್ಲಿನ ಅನುಭವಕ್ಕೆ, ಅಲ್ಲಿನ ಓದಿಗೆ ಅದರಲ್ಲಿ ಹೆಚ್ಚು ಬೆಲೆ.

ಫಲ ಬಂತು. ಹಾಗೆ ಆರಿಸಿದವರ ಮೊದಲ ವರ್ಷಗಳ ಗಳಿಕೆ ಮೇಲಿದೆ. ಆದರೆ ಸಂಖ್ಯಾಶಾಸ್ತ್ರದವನಾಗಿ ನಾನು ಒಂದು ಕಡೆ ಬೆರಳಿಡಲೇಬೇಕು. ಕಷ್ಟ ಪೂರ್ತಿ ಕರಗಲಿಲ್ಲ, ಅದರ ಒಂದು ಪಾಲು ಬಾಗಿಲಿನ ಈಚೆಗೆ ಸರಿಯಿತು. ಮೊದಲು ಕಾಯಂ ನಿವಾಸಿಯಾಗಿ ಬಂದು ಗೋದಾಮಿನಲ್ಲಿ ದುಡಿಯುತ್ತಿದ್ದವನು ಈಗ ವಿದ್ಯಾರ್ಥಿಯಾಗಿ ಬಂದು, ಸಾಲ ಮಾಡಿ ಶುಲ್ಕ ಕಟ್ಟಿ, ಕಾಯಂ ಆಗುತ್ತದೋ ಇಲ್ಲವೋ ಗೊತ್ತಿಲ್ಲದೆ ಅದೇ ಗೋದಾಮಿನಲ್ಲಿ ದುಡಿಯುತ್ತಾನೆ. ಅವನು ಗೆದ್ದರೆ ಯಶಸ್ವಿ ವಲಸಿಗರ ಲೆಕ್ಕಕ್ಕೆ ಸೇರುತ್ತಾನೆ. ಸೋತು ಊರಿಗೆ ಮರಳಿದರೆ ಆ ಲೆಕ್ಕದಲ್ಲಿ ಅವನ ಸುಳಿವೇ ಇರುವುದಿಲ್ಲ.

ಲೆಕ್ಕದಿಂದ ಜಾರುವವರ ವಿಷಯ ಇನ್ನಷ್ಟು ಹೇಳಬೇಕು. 12,000 ಜನರಿಂದ ಶುರುವಾದ ಆ ಸಮೀಕ್ಷೆಯ ಮೂರನೆಯ ಸುತ್ತಿನಲ್ಲಿ ಸಿಕ್ಕವರು ಸುಮಾರು 7,700. ಉಳಿದವರು ಎಲ್ಲಿ ಹೋದರು? ಕೆಲವರು ಮನೆ ಬದಲಿಸಿದರು, ಕೆಲವರು ಉತ್ತರಿಸಲು ಒಲ್ಲೆವೆಂದರು, ಕೆಲವರು ದೇಶವನ್ನೇ ಬಿಟ್ಟರು. ಉಳಿದು ನೆಲೆಯೂರಿದವರನ್ನು ಮಾತ್ರ ಕೇಳಿ ಎಲ್ಲರೂ ಚೆನ್ನಾಗಿದ್ದಾರೆ ಎನ್ನುವುದು ಸಂಖ್ಯಾಶಾಸ್ತ್ರದಲ್ಲಿ ಹಳೆಯ ತಪ್ಪು. ತರಗತಿಯಲ್ಲಿ ಇದನ್ನು ಹೇಳುವಾಗ ನಾನು, ದಡ ಸೇರಿದವರನ್ನಷ್ಟೇ ಕೇಳಿ ಹೊಳೆಯ ಆಳ ಅಳೆಯಬೇಡಿ ಎನ್ನುತ್ತಿದ್ದೆ.

ಸ್ಟ್ಯಾಟಿಸ್ಟಿಕ್ಸ್ ಕೆನಡಾ ಈ ಪ್ರಶ್ನೆಯಿಂದಲೂ ತಪ್ಪಿಸಿಕೊಳ್ಳಲಿಲ್ಲ, ಅದಕ್ಕಾಗಿ ಆ ಸಂಸ್ಥೆಯ ಬಗ್ಗೆ ನನಗೆ ಗೌರವವಿದೆ. ದೇಶ ಬಿಟ್ಟು ಹೋದವರು ಹೇಳಿ ಹೋಗುವುದಿಲ್ಲ. ಆದರೆ ತೆರಿಗೆ ಸಲ್ಲಿಸುವುದು ನಿಂತುಹೋಗುತ್ತದೆ. ಆ ಮೌನವನ್ನೇ ಸಾಕ್ಷಿಯಾಗಿ ಹಿಡಿದು 2024ರಲ್ಲಿ ಅವರು ಒಂದು ಅಧ್ಯಯನ ಪ್ರಕಟಿಸಿದರು. 1982ರಿಂದ 2017ರವರೆಗೆ ಬಂದವರಲ್ಲಿ ಶೇಕಡಾ 15ಕ್ಕೂ ಹೆಚ್ಚು ಮಂದಿ ಇಪ್ಪತ್ತು ವರ್ಷದೊಳಗೆ ಕೆನಡಾ ಬಿಟ್ಟಿದ್ದರು. ಹೀಗೆ ಹೊರಡುವ ಸಾಧ್ಯತೆ ಅತಿ ಹೆಚ್ಚಿರುವುದು ಬಂದ ಮೂರರಿಂದ ಏಳನೆಯ ವರ್ಷದೊಳಗೆ. ಮೂರರಿಂದ ಏಳು ವರ್ಷ ಎಂದರೆ ಪ್ರಯತ್ನಿಸಿ ನೋಡಿ, ಇನ್ನು ಸಾಕು ಎಂದು ತೀರ್ಮಾನಿಸುವ ಕಾಲ ಎಂದು ನಾನು ಅರ್ಥ ಮಾಡಿಕೊಳ್ಳುತ್ತೇನೆ.

ಇನ್ನೊಂದು ಬಗೆಯಲ್ಲಿ ಜಾರುವವರು ಹೆಂಡತಿಯರು. ಕುಶಲ ವಲಸೆಯ ಅರ್ಜಿಯಲ್ಲಿ ಒಬ್ಬರು ಮುಖ್ಯ ಅರ್ಜಿದಾರರು, ಇನ್ನೊಬ್ಬರು ಜೊತೆಗೆ ಬರುವವರು. ಯೋಜನೆ ಗೆದ್ದಿತೇ ಸೋತಿತೇ ಎಂಬ ಚರ್ಚೆ ನಡೆಯುವುದು ಬಹುತೇಕ ಮುಖ್ಯ ಅರ್ಜಿದಾರರ ಸಂಬಳದ ಮೇಲೆ. ನಮ್ಮ ಹುಡುಗಿ ಅರ್ಜಿಯಲ್ಲಿ ಜೊತೆಗೆ ಬಂದವಳು. ದಂತವೈದ್ಯಕೀಯದ ಪರವಾನಗಿ ಪಡೆಯಲು ಅಲ್ಲಿ ಮತ್ತೆ ಓದಬೇಕಿತ್ತು, ಅಷ್ಟು ಹಣವಿರಲಿಲ್ಲ, ಮಗು ಹುಟ್ಟಿತ್ತು. ಎರಡು ವರ್ಷ ಬೇಕರಿಯಲ್ಲಿ ನಿಂತಳು. ಆಮೇಲೆ ಹಲ್ಲು ಸ್ವಚ್ಛಗೊಳಿಸುವ ಸಹಾಯಕಿಯ ಕೋರ್ಸು ಮಾಡಿ ಒಂದು ಕ್ಲಿನಿಕ್ಕಿಗೆ ಸೇರಿದಳು. ಸಂಬಳ ಚೆನ್ನಾಗಿತ್ತು. ತೆರಿಗೆ ಕಡತ ನೋಡಿದರೆ ಆಕೆ ನೆಲೆ ನಿಂತವಳು. 2005ರ ನವೆಂಬರ್ 6ರಂದು ಅಕ್ಕನ ಡೈರಿಯಲ್ಲಿ ಹೀಗಿದೆ: “ಹಲ್ಲು ತೊಳೀತೀನಿ ಅವ್ವಾ, ಹಲ್ಲು ಉಳಿಸಾವರು ಬ್ಯಾರೆಯವರು ಅಂದ್ಲು. ಫೋನ್ ಇಟ್ಟ ಮ್ಯಾಲೆ ಊಟ ಸೇರಲಿಲ್ಲ.”

ಈ ಸಾಲನ್ನು ಯಾವ ಕಾಲಂನಲ್ಲಿ ಬರೆಯುವುದು? ಗೊತ್ತಿಲ್ಲದ ಕಾರಣಕ್ಕೆ ಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ. ಆದುದರಿಂದ ಹಿಂಬಾಲಿಸುವ ಕೆಲಸಕ್ಕೆ ಕಡತವೂ ಬೇಕು, ಸಂದರ್ಶನವೂ ಬೇಕು. ಒಂದು ಇನ್ನೊಂದರ ಕುರುಡನ್ನು ನೀಗಬೇಕು.

ಒಂದು ಎಚ್ಚರವನ್ನೂ ಹೇಳಬೇಕು. ಕೇಳುವ ಮನಸ್ಸು ಒಳ್ಳೆಯದಿರದಿದ್ದರೆ ಇದೇ ಕೆಲಸ ಬೇರೆ ರೂಪ ತಾಳುತ್ತದೆ. ಬ್ರಿಟನ್ 2002ರಲ್ಲಿ ಅತಿ ಕುಶಲ ವಲಸಿಗರ ಯೋಜನೆ ತಂದಿತು. ನಮ್ಮ ಕಡೆಯ ಬಹಳ ಜನ ಮನೆಮಾರು ಬಿಟ್ಟು ಹೋದರು. 2006ರಲ್ಲಿ ನಿಯಮ ಬದಲಿಸಿ, ಆಗಲೇ ಅಲ್ಲಿ ಬದುಕು ಕಟ್ಟಿಕೊಂಡಿದ್ದವರಿಗೂ ಹೊಸ ಅಳತೆ ಹಚ್ಚಿದರು. ವಲಸಿಗರು ಸಂಘಟಿತರಾಗಿ ನ್ಯಾಯಾಲಯಕ್ಕೆ ಹೋದರು. 2008ರ ಏಪ್ರಿಲಿನಲ್ಲಿ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಆ ಯೋಜನೆಯ ಬದಲಿಗೆ ಬಂದ ಮುಂದಿನ ಯೋಜನೆಯ ವಲಸಿಗರ ಮೇಲೆ 2010ರಲ್ಲಿ ನಡೆಸಿದ ಒಂದು ಪರಿಶೀಲನೆಯಲ್ಲಿ, ಕನಿಷ್ಠ ಶೇಕಡಾ 29 ಮಂದಿ ಕುಶಲವಲ್ಲದ ಕೆಲಸಗಳಲ್ಲಿದ್ದಾರೆ ಎಂದು ಕಂಡಿತು. ಕೆನಡಾ ಇಂಥ ಉತ್ತರ ಸಿಕ್ಕಾಗ ಅರ್ಧದಷ್ಟಾದರೂ ತನ್ನ ಪೇಟೆಯನ್ನು ಪ್ರಶ್ನಿಸಿತ್ತು. ಬ್ರಿಟನ್ ಆ ಬಾಗಿಲನ್ನೇ ಮುಚ್ಚಿತು. ಕುಶಲರು ಕುಶಲ ಕೆಲಸ ಸಿಗದೆ ಇದ್ದಾರೆ ಎಂಬ ಒಂದೇ ಉತ್ತರವನ್ನು ಇವರಿಗೇಕೆ ಸಿಗಲಿಲ್ಲ ಎಂದು ಓದಬಹುದು, ಇವರು ಬೇಡ ಎಂದೂ ಓದಬಹುದು.

ಯಾವಾಗ ಕೇಳುತ್ತೇವೆ ಎಂಬುದೂ ಮುಖ್ಯ. ಹಾಂಗ್‌ಕಾಂಗ್ 2022ರ ಡಿಸೆಂಬರಿನಲ್ಲಿ ಉನ್ನತ ಪ್ರತಿಭೆಗಳಿಗೆ ಪ್ರವೇಶ ಕೊಡುವ ದೊಡ್ಡ ಯೋಜನೆ ಆರಂಭಿಸಿತು. ಬಂದು ಆರು ತಿಂಗಳಾದವರನ್ನು ಅಲ್ಲಿನ ಸರ್ಕಾರ ಕೇಳಿದಾಗ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಕೆಲಸದಲ್ಲಿದ್ದರು. ಅವರ ಮಧ್ಯಕ ಮಾಸಿಕ ಆದಾಯ ಸುಮಾರು 50,000 ಹಾಂಗ್‌ಕಾಂಗ್ ಡಾಲರ್. ಕೇಳಿದ್ದು ಒಳ್ಳೆಯದು. ಆದರೆ ಅಲ್ಲಿ ಕಾಯಂ ವಾಸದ ಹಕ್ಕು ಸಿಗಲು ಏಳು ವರ್ಷ ಬೇಕು. ಆರು ತಿಂಗಳ ಉತ್ತರದಿಂದ ಏಳು ವರ್ಷದ ಬದುಕನ್ನು ಅಳೆಯಲಾಗದು. ನಮ್ಮ ಅಳಿಯ ಆರು ತಿಂಗಳಿಗೆ ಗೋದಾಮಿನಲ್ಲಿದ್ದ, ಎರಡನೆಯ ವರ್ಷಕ್ಕೆ ತನ್ನ ಕಸುಬಿಗೆ ಮರಳಿದ. ಯಾವ ದಿನ ಕೇಳಿದಿರಿ ಎಂಬುದರ ಮೇಲೆ ಉತ್ತರ ನಿಂತಿದೆ.

ಇನ್ನು ನಮ್ಮ ಮನೆಯ ಕಡೆ ತಿರುಗೋಣ. ಕಳಿಸಿಕೊಟ್ಟ ನಾವು ಏನು ಕೇಳಿದ್ದೇವೆ? ನಮ್ಮ 1983ರ ವಲಸೆ ಕಾಯಿದೆಯಡಿ, ಹತ್ತನೆಯ ತರಗತಿ ದಾಟದ ಕಾರ್ಮಿಕರು ಕೊಲ್ಲಿ ದೇಶಗಳೂ ಸೇರಿದಂತೆ ಕೆಲವು ದೇಶಗಳಿಗೆ ದುಡಿಯಲು ಹೋಗುವಾಗ ಸರ್ಕಾರದ ಅನುಮತಿ ಬೇಕು, ಹೀಗಾಗಿ ಅವರ ಲೆಕ್ಕ ಇರುತ್ತದೆ. ಪದವೀಧರರಿಗೆ ಅದು ಬೇಡ. ಅವರು ಸಬಲರು, ರಕ್ಷಣೆ ಬೇಕಿಲ್ಲ ಎಂಬುದು ಅದರ ಹಿಂದಿನ ತರ್ಕ. ಅಕ್ಕನ ಡೈರಿ ಓದಿದ ಮೇಲೆ ಆ ತರ್ಕವನ್ನು ಪೂರ್ತಿ ಒಪ್ಪಲು ನನ್ನಿಂದಾಗುತ್ತಿಲ್ಲ. ನೆರೆಯ ಕೇರಳ 1998ರಿಂದ ವಲಸೆ ಸಮೀಕ್ಷೆ ನಡೆಸಿಕೊಂಡು ಬಂದಿದೆ. ಸುತ್ತು ಸುತ್ತಾಗಿ, ಮನೆಮನೆಗೆ ಹೋಗಿ, ಯಾರು ಹೋದರು, ಯಾರು ಮರಳಿದರು, ಹಿಂದೆ ಉಳಿದವರು ಹೇಗಿದ್ದಾರೆ ಎಂದು ಕೇಳಿದೆ. ಇಷ್ಟು ಜನರನ್ನು ಹೊರಗೆ ಕಳಿಸಿರುವ ಕರ್ನಾಟಕಕ್ಕೆ ಅಂಥ ನಿರಂತರ ಸಮೀಕ್ಷೆಯೊಂದು ಬೇಕು ಎಂದು ಈ ವೇದಿಕೆಯಿಂದ ಕಳಕಳಿಯಿಂದ ಕೇಳುತ್ತೇನೆ.

2022ರ ಮೇ ತಿಂಗಳಲ್ಲಿ ಕೆನಡಾದ ಸಂಸತ್ತಿನಲ್ಲಿ ಆಗ ಅಲ್ಲಿನ ಸಂಸದರಾಗಿದ್ದ ಚಂದ್ರ ಆರ್ಯ ಕನ್ನಡದಲ್ಲಿ ಮಾತಾಡಿದ್ದನ್ನು ನೀವೆಲ್ಲ ನೋಡಿದ್ದೀರಿ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನವರು, ನಮ್ಮ ಧಾರವಾಡದಲ್ಲಿ ಎಂಬಿಎ ಓದಿದವರು. ಅಂದು ನನ್ನ ಕಣ್ಣೂ ತುಂಬಿತ್ತು. ಆ ಹೆಮ್ಮೆ ನಮ್ಮದು, ಇಟ್ಟುಕೊಳ್ಳೋಣ. ಅದರ ಜೊತೆಗೆ, ಅದೇ ವಿಮಾನಗಳಲ್ಲಿ ಹೋಗಿ ಯಾವ ವಿಡಿಯೊದಲ್ಲೂ ಕಾಣಿಸದವರನ್ನು ಕೇಳುವ ಅಭ್ಯಾಸವನ್ನೂ ಬೆಳೆಸಿಕೊಳ್ಳೋಣ. ಕೇಳುವಾಗ “ಎಷ್ಟು ಸಂಬಳ” ಎಂದು ಶುರುಮಾಡುವುದು ಬೇಡ. ಊರಲ್ಲಿ ಕಲಿತ ಕೆಲಸವನ್ನೇ ಮಾಡುತ್ತಿದ್ದೀಯಾ ಎಂದು ಕೇಳೋಣ. ಹುಷಾರಿಲ್ಲದಾಗ ಯಾರ ಮನೆಗೆ ಫೋನು ಮಾಡುತ್ತೀಯ ಎಂದು ಕೇಳೋಣ. ಅವರು ಸುಳ್ಳು ಹೇಳಬೇಕಾಗದಂತೆ ಕೇಳೋಣ.

ಅಕ್ಕ ಈಗಿಲ್ಲ. ಡೈರಿಗಳು ನನ್ನ ಬಳಿ ಇವೆ. 2011ರ ಮೇ 22ರ ಪುಟದಲ್ಲಿ ಒಂದು ಸಾಲಿದೆ: “ಹಿತ್ತಲದಾಗ ಮೆಂತ್ಯ ಹಾಕಿದ್ದಳು, ಬಂದದ ಅಂತ.” ಅಷ್ಟೇ. ಆ ಭಾನುವಾರ ಅಕ್ಕನಿಗೆ ಬೇರೇನೂ ಬರೆಯಬೇಕೆನಿಸಿರಲಿಲ್ಲ. ಹತ್ತು ವರ್ಷ ಪ್ರತಿ ವಾರ ಕೇಳಿದ ತಾಯಿಗೆ ಮಾತ್ರ ಆ ಸಾಲು ಬರೆಯುವ ಹಕ್ಕು ಇರುತ್ತದೆ. ಮೊದಲ ಆರು ತಿಂಗಳಿಗೇ ಕೇಳುವುದನ್ನು ನಿಲ್ಲಿಸಿದ್ದರೆ ಅವಳಿಗೆ ಗೊತ್ತಿರುತ್ತಿದ್ದದ್ದು ಗೋದಾಮು ಒಂದೇ.

ನಿಮ್ಮ ಮನೆಗಳಲ್ಲೂ ಇಂಥ ಡೈರಿ, ಕಾಗದ, ಇನ್‌ಲ್ಯಾಂಡ್ ಪತ್ರಗಳು ಇರಬಹುದು. ಹೋದವರ ಒಪ್ಪಿಗೆ ಪಡೆದು, ಹೆಸರು ತೆಗೆದು, ಅವುಗಳ ಪ್ರತಿಯನ್ನು ಈ ಸಂಘಕ್ಕೆ ಕೊಡಿ. ಮೊದಲ ಕಟ್ಟಾಗಿ ನಮ್ಮ ಅಕ್ಕನ ಹನ್ನೊಂದು ಡೈರಿಗಳನ್ನು ಇವತ್ತು ತಂದಿದ್ದೇನೆ. ಕಾರ್ಯದರ್ಶಿಗಳ ಕೈಗೆ ಒಪ್ಪಿಸಿ ನನ್ನ ಮಾತು ಮುಗಿಸುತ್ತೇನೆ.